ಜಾಯಿಂಟ್ ವೀಲಿನ ಎರಡನೇ ಸೀಟು

ಮಾನ್ವಿ ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಸ್ವಪ್ನಾಳಿಗೆ ಆ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಮದುವೆ ಕಾರ್ಡು ಟೈಪು ಮಾಡುತ್ತಾ ಒಮ್ಮೆ ಹೊರಗೆ ನೋಡಿದಳೆಂದರೆ ಮುಗಿಯಿತು, ವರನ ಹೆಸರು ವಧುವಿನ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ. ಗಿರಾಕಿಗಳು ಸಿಟ್ಟಾಗುವುದಿಲ್ಲ. "ಸಪ್ನಕ್ಕಾ, ಎಚ್ಚರಾಗ್ರಿ" ಎಂದು ನಗುತ್ತಾರೆ. ವಯಸ್ಸು ಮೂವತ್ತೆಂಟು ದಾಟಿದೆ, ಮದುವೆಯಾಗಿಲ್ಲ, ಹಳೇ ಅಕ್ಕಿ ಮಿಲ್ಲಿನ ಹಿಂದಿನ ಮನೆಯಲ್ಲಿ ಅವ್ವ ನೀಲಗಂಗಮ್ಮನ ಜೊತೆ ಇದ್ದಾಳೆ. ಅದರಲ್ಲಿ ಅವಳಿಗೆ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಒಂದೇ. ದೇವದುರ್ಗದಲ್ಲಿರುವ ಅಕ್ಕ ಅನುರಾಧಾ ಅವಳ ಜೊತೆ ಮಾತು ಬಿಟ್ಟಿದ್ದಾಳೆ.

ಆದದ್ದು ಇಷ್ಟು. ತನ್ನ ಮೈದುನ ಕೊಟ್ರೇಶನಿಗೆ ತಂಗಿಯನ್ನು ತಂದುಕೊಳ್ಳಬೇಕೆಂದು ಅಕ್ಕ ಗಂಡನ ಮನೆಯವರನ್ನೆಲ್ಲ ಕಾಡಿ ಬೇಡಿ ಒಪ್ಪಿಸಿದ್ದಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಕನಸು ಅವಳದು. ಎಲೆ ಅಡಿಕೆ ಇಟ್ಟುಕೊಂಡು ಹಿರಿಯರು ಕೂತಾಗ ಸ್ವಪ್ನಾ ಒಳಗಿನಿಂದ ಬಂದು "ನಾ ಒಲ್ಲೆ" ಅಂದುಬಿಟ್ಟಳು. ಕೊಟ್ರೇಶ ಕೆಟ್ಟವನೇನಲ್ಲ, ಇವಳಿಗೆ ಮದುವೆಯೇ ಬೇಡವಾಗಿತ್ತು. ಅದನ್ನು ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತೇ ಈ ಮಹಾತಾಯಿ! ಅಷ್ಟು ಜನರ ನಡುವೆ ಅಕ್ಕನ ಮುಖ ಇಷ್ಟು ಸಣ್ಣದಾಯಿತು. ಅಂದು ಬಸ್ಸು ಹತ್ತಿದವಳು ಈಗಲೂ ಹಬ್ಬಕ್ಕೆ ಬರುತ್ತಾಳೆ, ಆದರೆ ತಂಗಿ ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ಬರುತ್ತಾಳೆ. ಆರೇಳು ವರ್ಷವಾಯಿತು.

ಇವರಿಬ್ಬರ ಬಾಲ್ಯ ನೋಡಿದವರು ಇದನ್ನು ನಂಬಲಿಕ್ಕಿಲ್ಲ. ಅಪ್ಪ ಪಂಪಾಪತಿ ಮಿಲ್ಲು ನಡೆಸುತ್ತಿದ್ದ ಕಾಲ. ರಾಯಚೂರಿಗೆ ಎಕ್ಸಿಬಿಷನ್ ಬಂದಾಗೆಲ್ಲ ಹುಡುಗಿಯರು ಅವನ ಬೆನ್ನು ಹತ್ತುತ್ತಿದ್ದರು. "ಭತ್ತ ಒಣಗ್ಲಿ ತಡೀರಿ, ಹೋಗೂನು" ಅನ್ನುತ್ತಿದ್ದ. ಭತ್ತ ಒಣಗುವಷ್ಟರಲ್ಲಿ ಎಕ್ಸಿಬಿಷನ್ ಡೇರೆ ಕಿತ್ತಿರುತ್ತಿತ್ತು. ಕೊನೆಗೆ ಮಿಲ್ಲಿನ ಅಂಗಳದಲ್ಲೇ ತಮ್ಮದೊಂದು ಎಕ್ಸಿಬಿಷನ್ ಕಟ್ಟಿದರು. ಹೊಟ್ಟಿನ ಗುಡ್ಡ ಜಾರುಬಂಡಿಯಾಯಿತು, ಖಾಲಿ ಗೋಣಿಚೀಲಗಳ ಸಾಲು ರೈಲಾಯಿತು. ಬಾಗಿಲು ಬೇವಿನ ಮರದ ಬದಿಗೇ ಇರಬೇಕೆಂದು ಹೇಳುವವಳು ಅಕ್ಕ. ಒಣಹಾಕಿದ ಭತ್ತ ಯಾರಾದರೂ ತುಳಿದರೆ ಅಪ್ಪನ ಏಟು ಬೀಳುವುದು ಅವಳ ಬೆನ್ನಿಗೇ ತಾನೆ.

ಗೋಡೆಗೊರಗಿ ತುಕ್ಕು ಹಿಡಿಯುತ್ತಿದ್ದ ಹಳೇ ಮೆಷೀನಿನ ದೊಡ್ಡ ಗಾಲಿಯೇ ಅವರ ಜಾಯಿಂಟ್ ವೀಲ್. ಅಪ್ಪನಿಗೂ ದೊಡ್ಡಪ್ಪನಿಗೂ ಬ್ಯಾಂಕಿನಲ್ಲಿ ಜಾಯಿಂಟ್ ಖಾತೆ ಇದ್ದದ್ದನ್ನು ಕೇಳಿಸಿಕೊಂಡಿದ್ದ ಅಕ್ಕ ಒಂದು ದಿನ ಅಪ್ಪಣೆ ಕೊಡಿಸಿದಳು.

"ಜಾಯಿಂಟ್ ಅಂದ್ರೇನಂತ ಗೊತ್ತೇನಬೇ? ಕೂಡಿ ಅಂತ. ಇದರಾಗ ಇಬ್ರೂ ಕೂಡೇ ಕುಂದ್ರಬೇಕು. ಒಬ್ಬಾಕಿನ ಕುಂತ್ರ ತಿರುಗಸಂಗಿಲ್ಲ."

ತಂಗಿ ನಂಬಿದಳು. ಅದು ಜಾಯಿಂಟ್ ಅಲ್ಲ, ಜೈಂಟ್, ದೈತ್ಯ ಗಾಲಿ ಎಂದಷ್ಟೇ ಅರ್ಥ ಎಂದು ಕಾಲೇಜಿನಲ್ಲಿ ತಿಳಿಯಿತು. ತಿಳಿದರೇನು, ಮನಸ್ಸು ಕೇಳಬೇಕಲ್ಲ! ಗೆಳತಿಯರೊಂದಿಗೆ ಕೊನೆಗೂ ಎಕ್ಸಿಬಿಷನ್ನಿಗೆ ಹೋದಾಗ ಅವರೆಲ್ಲ ಜೋಡಿ ಜೋಡಿಯಾಗಿ ಹತ್ತಿ ಕೂತರು, ಇವಳೊಬ್ಬಳು ಉಳಿದಳು. ತಿರುಗಿಸುವವನು ಬಾ ಬಾ ಎಂದು ಕರೆದರೂ ಬೇಡವೆಂದು ತಲೆಯಾಡಿಸಿ ಕೆಳಗೇ ನಿಂತಳು. ಇವತ್ತಿನವರೆಗೂ ಹತ್ತಿಲ್ಲ.

ಈ ಬೇಸಿಗೆಯಲ್ಲಿ ಫೋನು ನೋಡುತ್ತಾ ಕೂತಿದ್ದಾಗ ಯಾರೋ ಬರಿಗೈಯಲ್ಲಿ ಎಕ್ಸಿಬಿಷನ್ನಿನಂಥ, ಒಂದು ಊರಿನಷ್ಟು ದೊಡ್ಡ ಪಾರ್ಕು ಕಟ್ಟುವುದು ಕಂಡಿತು. ಬೆರಳು ಇಟ್ಟಲ್ಲಿ ಕೆರೆ, ಎಳೆದಲ್ಲಿ ದಾರಿ, ಮುಟ್ಟಿದಲ್ಲಿ ದೀಪ. ಅದು ಕಂಪ್ಯೂಟರ್ ಆಟವಂತೆ. ಮುಂದಿದ್ದ ಚಹಾ ಆರಿ ಕೆನೆಗಟ್ಟಿತು. ಮುಂದಿನ ಸಲ ಕಾರ್ಡಿನ ಹಾಳೆ ತರಲು ರಾಯಚೂರಿಗೆ ಹೋದವಳು ತೀನ್ ಕಂದೀಲ್ ಹತ್ತಿರ ಜಿಲಾನಿ ಪಾಷಾನ ಅಂಗಡಿಗೆ ಹೊಕ್ಕಳು. ಅವಳ ಕಂಪ್ಯೂಟರಿನ ರೋಗಗಳಿಗೆಲ್ಲ ಮದ್ದು ಕೊಡುವವನು ಅವನೇ.

ಜಿಲಾನಿ ಮೂರು ಆಟ ತೋರಿಸಿದ. ಮೊದಲನೆಯದು ನೋಡಲು ಇಂದ್ರಲೋಕ. ನೀರಿನಲ್ಲಿ ದೀಪದ ನೆರಳು ಕೂಡ ಅಲುಗುತ್ತಿತ್ತು. "ಆದ್ರ ಮೇಡಂ, ನಿಮ್ಮ ಮಷೀನ್ ಇದನ್ನ ಎಳಿಯಂಗಿಲ್ರಿ. ಮಿಲ್ಲಿನಂಗ ಗರಾ ಅಂತದ" ಎಂದ. ಎರಡನೆಯದರಲ್ಲಿ ಬರೀ ವ್ಯಾಪಾರ.

"ಇದರಾಗ ಮಿರ್ಚಿಗೆ ಉಪ್ಪು ಜಾಸ್ತಿ ಹಾಕಿದ್ರ ಜನ ನೀರಿನ ಬಾಟ್ಲಿ ಜಾಸ್ತಿ ತಗೋತಾರ್ರಿ."

"ಇದನ್ನ ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲ್ನೋರು ಯಾವತ್ತೋ ಕಲ್ತಾರ ತಗೋರಿ. ಮುಂದಿಂದು ತೋರಸ್ರಿ" ಎಂದಳು ಸ್ವಪ್ನಾ.

ಮೂರನೆಯದು ಹಳೇದು. ಮರಗಳು ಮಕ್ಕಳು ಬರೆದಂತೆ, ಮನುಷ್ಯರು ಬೆರಳುದ್ದ. ಅವಳ ಮುಖ ಸಪ್ಪಗಾದದ್ದು ಕಂಡು ಜಿಲಾನಿ, "ಚಂದ ಇಲ್ಲ ಖರೆ. ಆದ್ರ ಇದು ಜಾಯಿಂಟ್ ಆಟ್ರಿ ಮೇಡಂ. ನೀವು ಮಾನ್ವ್ಯಾಗ ಕುಂದ್ರಿ, ಇನ್ನೊಬ್ರು ಎಲ್ಲೇ ಇರಲಿ, ಇಬ್ರೂ ಒಂದಾ ಪಾರ್ಕ್ ಕಟ್ಟಬಹುದು. ಫೋನಿನಾಗೂ ನಡೀತದ" ಎಂದ.

ಆ ಶಬ್ದ ಕೇಳಿದ್ದೇ ಸ್ವಪ್ನಾ ಕುರ್ಚಿ ಮುಂದೆಳೆದುಕೊಂಡಳು. "ಇದಾ ಇರಲಿ" ಎಂದಳು.

"ಮತ್ತ ಇನ್ನೊಬ್ರು ಯಾರ್ರಿ?"

"ನಮ್ಮಕ್ಕ" ಎಂದು ಬಾಯಿಂದ ಜಾರಿಬಿಟ್ಟಿತು.

ಹಿಂತಿರುಗುವಾಗ ಕಿಟಕಿಯ ಪಕ್ಕ ಕೂತಳು. ಕಲ್ಮಲ ದಾಟಿ ಕಾಲುವೆಯ ನೀರು ಕಾಣತೊಡಗಿದಾಗ ಗದ್ದೆಗಳ ಮೇಲೆ ಇಳಿಬಿಸಿಲು ಹರಡಿತ್ತು. ಆ ಹೊಳಪಿನಲ್ಲಿ ಅವಳ ಗಾಲಿ ಎದ್ದು ನಿಂತಿತು, ಮಿಲ್ಲುಗಳ ಚಿಮಣಿಗಿಂತ ಎತ್ತರಕ್ಕೆ. ಕೊಕ್ಕರೆಗಳು ಅದರ ಸೀಟುಗಳಿಂದ ಎದ್ದು ಹಾರಿದವು. ಮೇಲಿನ ಸೀಟಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೂತು ಕೆಳಗೆ ಬಗ್ಗಿ ಯಾರನ್ನೋ ಕರೆಯುತ್ತಿದ್ದಳು. ಬಸ್ಸು ಕುಲುಕಿದಾಗ ಎಚ್ಚರವಾಯಿತು. ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿತ್ತು.

ಮರುದಿನ ಅಕ್ಕನ ನಂಬರಿಗೆ ಆಟದ ಲಿಂಕು ಕಳಿಸಿದಳು. ಜೊತೆಗೆ ನಾಲ್ಕು ಮಾತು ಬರೆಯಲು ಹೋಗಿ ಅಳಿಸಿದಳು, ಮತ್ತೆ ಬರೆದು ಮತ್ತೆ ಅಳಿಸಿದಳು. ಕೊನೆಗೆ ಹೋದದ್ದು ಬರೀ ಲಿಂಕು. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ನೋಡಿದಳಲ್ಲ, ಅಷ್ಟಾದರೂ ಆಯಿತು ಎಂದುಕೊಂಡಳು. ಹಾಗೆಂದುಕೊಂಡು ಜೆರಾಕ್ಸ್ ಮೆಷೀನಿನ ಮರೆಯಲ್ಲಿ ಅತ್ತಳು.

ಅತ್ತು ಮುಗಿಸಿ ಕಟ್ಟಲು ಕೂತಳು. ಬೇರೆಯವರು ಅರಮನೆ ಕಟ್ಟುತ್ತಾರೆ, ಇವಳು ಮಿಲ್ಲಿನ ಅಂಗಳ ಕಟ್ಟಿದಳು. ಹೊಟ್ಟಿನ ಗುಡ್ಡ, ಗೋಣಿಚೀಲದ ಬಣ್ಣದ ರೈಲು, ಭತ್ತ ಒಣಹಾಕಿದ ಹಳದಿ ನೆಲ, ಬದಿಗೆ ಬೇವಿನ ಮರ, ನಡುವೆ ದೊಡ್ಡ ಗಾಲಿ. ಗಿರಾಕಿಗಳಿಲ್ಲದ ಮಧ್ಯಾಹ್ನಗಳೆಲ್ಲ ಅಲ್ಲೇ ಕಳೆದವು. ಬೆರಳುದ್ದದ ಜನ ಬಂದರು, ನಕ್ಕರು, ಗಾಲಿ ಹತ್ತಿದರು. ತನ್ನದೇ ಗೊಂಬೆಯನ್ನು ಹತ್ತಿಸಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ಮನೆಯಲ್ಲಿ ಅವ್ವ, "ಏನ್ ನೋಡಾಕತ್ತೀಯವ್ವಾ ಅಷ್ಟೊತ್ತಿಂದ?" ಎಂದು ಕೇಳಿದರೆ "ಭತ್ತ ಕಾಯಾಕತ್ತೀನಿ" ಅನ್ನುತ್ತಿದ್ದಳು. ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅಂಗಡಿ ತೆರೆದು ಆಟ ಹಚ್ಚಿದರೆ ಪಾರ್ಕಿನ ಬಾಗಿಲೇ ಇಲ್ಲ! ಸ್ವಪ್ನಾಳ ಪಿತ್ತ ನೆತ್ತಿಗೇರಿತು. ಅವಳು ಇಟ್ಟ ಬಾಗಿಲನ್ನು ಯಾರೋ ಕಿತ್ತು ಬೇವಿನ ಮರದ ಬದಿಗೆ ತಂದಿದ್ದರು. ದಾರಿಯನ್ನೂ ಹಳದಿ ನೆಲ ಬಿಟ್ಟು ಸುತ್ತು ಹಾಕಿ ತಿರುಗಿಸಿದ್ದರು. ಯಾವ ಹಾಳಾದವರು ನನ್ನ ಪಾರ್ಕಿಗೆ ಕೈ ಹಾಕಿದ್ದು ಎಂದು ಹಲ್ಲು ಕಡಿದು ಜಿಲಾನಿಗೆ ಫೋನ್ ಮಾಡಲು ಹೊರಟವಳ ಕಣ್ಣು ಗಾಲಿಯ ಮೇಲೆ ಬಿತ್ತು. ಗಾಲಿ ನಿಂತಿತ್ತು. ಕೆಳಗಿನ ಸೀಟಿನಲ್ಲಿ ಎರಡು ಜಡೆಯ ಗೊಂಬೆಯೊಂದು ಒಂದು ಬದಿಗೆ ಸರಿದು ಕೂತಿತ್ತು. ತಲೆಯ ಮೇಲೆ ಹೆಸರು ತೇಲುತ್ತಿತ್ತು: ಅನು.

ಕೈಯಲ್ಲಿದ್ದ ಫೋನು ಬಡಿದುಕೊಂಡಿತು.

"ಹುಚ್ಚಿ, ಬಾಗ್ಲಾ ಎಲ್ಲಿ ಇಟ್ಟಿದ್ದೀಬೇ? ಜನ ಎಲ್ಲಾ ಭತ್ತ ತುಳಕೊಂತ ಬರಾಕತ್ತಿದ್ರು. ಅಪ್ಪ ಇದ್ದಿದ್ರ ನನ್ನ ಬೆನ್ನು ಮುರೀತಿದ್ದ!"

ಹಲೋ ಇಲ್ಲ, ಹೇಗಿದ್ದೀ ಇಲ್ಲ. ಅದೇ ದನಿ, ಅದೇ ದಬ್ಬಾಳಿಕೆ. ಸ್ವಪ್ನಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಅಕ್ಕಾ... ಅವತ್ತು ನಾ ನಿನಗ ಮೊದ್ಲ ಹೇಳಬೇಕಾಗಿತ್ತು."

ಆ ಕಡೆ ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಹೌದು, ಹೇಳಬೇಕಾಗಿತ್ತು. ಅದಕ್ಕ ಆಮ್ಯಾಲೆ ಬೈತೀನಿ, ಬಾಳ ಬೈಯೂದದ. ಈಗ ಲಗೂ ಬಂದು ಹತ್ತು. ಮುಂಜಾನಿಂದ ಕುಂತೀನಿ. ಒಬ್ಬಾಕಿನ ಕುಂತ್ರ ತಿರುಗಸಂಗಿಲ್ಲ."

ಅಂಗಡಿಯ ಕಟ್ಟೆಯ ಮೇಲೆ ಯಾರೋ ಮುದುಕ ಆಧಾರ್ ಕಾರ್ಡು ಹಿಡಿದು, "ಜೆರಾಕ್ಸ್ ಬೇಕಾಗಿತ್ತವ್ವಾ" ಎಂದ.

"ಒಂಚೂರು ತಡೀರಿ ಯಪ್ಪಾ, ಗಾಲಿ ತಿರುಗಿ ಬರ್ಲಿ" ಎಂದು ಸ್ವಪ್ನಾ ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು.