ವಿಶಾಲಾಕ್ಷಿಯ ಹಿತ್ತಲ ಪಿಜ್ಜಾ

ಕೈಗೆ ಹಿಟ್ಟು ಮೆತ್ತಿಕೊಂಡಿದ್ದಾಗ ಮಾತ್ರ ವಿಶಾಲಾಕ್ಷಿಗೆ ಯಾರೂ ಬೇರೆ ಕೆಲಸ ಹೇಳುತ್ತಿರಲಿಲ್ಲ. ಕಂಪ್ಲಿ ಹತ್ತಿರದ ಮೆಟ್ರಿ ಎಂಬ ಊರಿನ ದೊಡ್ಡ ಮನೆಗೆ ಸೊಸೆಯಾಗಿ ಹೋದ ಕೆಲವೇ ತಿಂಗಳಲ್ಲಿ ಆಕೆ ಇದನ್ನು ಕಂಡುಕೊಂಡಿದ್ದಳು. ಮೈದುನ ನೀರು ಕೇಳಲಿ, ಮಾವ ಮಾತ್ರೆ ಕೇಳಲಿ, “ಕೈ ಹಿಟ್ಟಾಗ್ಯಾವ್ರಿ” ಎಂದು ಎರಡೂ ಅಂಗೈ ಎತ್ತಿ ತೋರಿಸುವಳು. ಕೇಳಿದವರು ಗೊಣಗುತ್ತ ತಾವೇ ಎದ್ದು ಹೋಗುವರು. ಹಾಗಾಗಿ ಆಕೆಗೆ ನಾದುವುದನ್ನು ಮುಗಿಸುವ ಆತುರವೇ ಇರಲಿಲ್ಲ. ನಾದಿದ್ದನ್ನೇ ಮತ್ತೆ ನಾದುತ್ತ, ಕಿಟಕಿಯಾಚೆಯ ಭತ್ತದ ಗದ್ದೆ ನೋಡುತ್ತ ಕೂತಿರುವಳು.

ಮದುವೆಗೆ ಮೊದಲು ಆಕೆ, ರೇಷ್ಮಾ, ನಾನು ಮೂವರೂ ಕಡ್ಡಿರಾಂಪುರದ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕಿದ್ದೆವು. ನಾವಿಬ್ಬರು ರೂಮು ನೋಡಿಕೊಂಡರೆ ಆಕೆ ಅಡಿಗೆಮನೆಯಲ್ಲಿ. ಹಂಪಿಗೆ ಬಂದವರಿಗೆ ಪಿಜ್ಜಾ ಮಾಡಿಕೊಡುವುದನ್ನು ಅಲ್ಲೇ ಕಲಿತಳು. ಸಂಜೆ ತನ್ನ ಸ್ಕೂಟಿ ಹತ್ತಿದರೆ ಹೊಸಪೇಟೆಯ ಮನೆ ಮುಟ್ಟುವವರೆಗೂ ಗಟ್ಟಿಯಾಗಿ ಹಾಡುವಳು. ಮೆಟ್ರಿಗೆ ಹೋದ ಮೇಲೆ ಆ ಸ್ಕೂಟಿ ಮೈದುನನ ಪಾಲಾಯಿತು. ಗಂಡ ಮಲ್ಲಿಕಾರ್ಜುನ ಕೆಟ್ಟವನಲ್ಲ. ಏನು ಬೇಕೆಂದರೂ ಕಂಪ್ಲಿಯಿಂದ ತಂದುಕೊಡುತ್ತಿದ್ದ. ಹಾಗೆ ತಂದುಕೊಡುತ್ತಿದ್ದುದರಿಂದಲೇ ಆಕೆಗೆ ಕಂಪ್ಲಿಗೆ ಹೋಗಲೂ ನೆಪ ಉಳಿಯಲಿಲ್ಲ.

ಆಕೆ ಬರಲಾಗದ ಮೇಲೆ ರಜೆಯ ದಿನ ನಾವೇ ಚೀಸ್ ಕಟ್ಟಿಕೊಂಡು ಹೋಗತೊಡಗಿದೆವು. ಆಕೆ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಜಾಲಿ ಕಟ್ಟಿಗೆಯ ಕೆಂಡ ಹರವಿ, ಮೇಲೆ ಹಳೆಯ ಕಿಟಕಿಯ ಕಬ್ಬಿಣದ ಜಾಲರಿ ಇಡುವಳು. ತಟ್ಟಿದ ಹಿಟ್ಟು ಒಂದು ಮಗ್ಗುಲು ಬೆಂದ ಮೇಲೆ ತಿರುವಿ, ಟೊಮೆಟೊ ಗೊಜ್ಜು ಸವರಿ, ಉಳ್ಳಾಗಡ್ಡಿ, ಚೀಸ್ ಉದುರಿಸಿ ಬೋಗುಣಿ ಮುಚ್ಚುವಳು.

ಮೊದಲ ಸಲ ಆಕೆಯ ಅತ್ತೆ ಬಗ್ಗಿ ನೋಡಿ, “ಇದೇನು ರೊಟ್ಟಿನೋ, ಚಪಾತಿನೋ?” ಎಂದರು.

“ಮನಿ ಬಿಟ್ಟು ಓಡಿಹೋದ ರೊಟ್ಟಿ ಐತ್ರಿ ಅತ್ತಿ,” ಎಂದಳು ವಿಶಾಲಾಕ್ಷಿ.

ಹೊಗೆಯಲ್ಲಿ ಕಣ್ಣೀರು ಸುರಿಯುವಂತೆ ನಾವು ನಕ್ಕೆವು. ಅತ್ತೆ ನಗಲಿಲ್ಲ. ಆದರೆ ಎರಡು ತುಂಡು ತಿಂದರು.

ಕೆಟ್ಟಿದ್ದೇ ಅಲ್ಲಿ. ಮನೆಯವರಿಗೆಲ್ಲ ರುಚಿ ಹತ್ತಿತು. ಬೀಗರು ಬಂದರೆ ಪಿಜ್ಜಾ, ಮೈದುನನ ಗೆಳೆಯರು ಬಂದರೆ ಪಿಜ್ಜಾ. ಹಿಟ್ಟಾದ ಕೈ ತೋರಿಸಿದರೆ ಈಗ, “ಹಂಗಾರ ಇನ್ನೆರಡು ಜಾಸ್ತಿನ ಮಾಡು,” ಎನ್ನುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಹೋಂಸ್ಟೇ ಮಾಲೀಕರು, ಶನಿವಾರ, ಭಾನುವಾರವಷ್ಟೇ ಬಂದರೂ ಸಾಕು, ಆಕೆಯನ್ನು ಕರೆಯಿರಿ ಎಂದರು. ಆಕೆ ನಮ್ಮೆದುರಿಗೇ ಗಂಡನನ್ನು ಕೇಳಿದಳು.

“ಅಲ್ಲಿಗ್ಯಾಕ ಹೋಗಬೇಕು? ಇಲ್ಲೇ ಮಾಡಾಕತ್ತೀಯಲ್ಲ, ಯಾರರ ಬ್ಯಾಡ ಅಂದಾರೇನು?”

ಆತನಿಗೆ ಸಿಟ್ಟು ಬಂದಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದ. ವಿಶಾಲಾಕ್ಷಿ ನಮ್ಮ ಮುಖ ನೋಡಿದಳು. ಅವರ ಮನೆಯಲ್ಲಿ ಕೂತು ನಾವೇನು ಹೇಳುವುದು? ರೇಷ್ಮಾ ಕೆಂಡ ಕೆದಕಿದಳು.

ಕಳೆದ ಬೇಸಿಗೆಯಲ್ಲಿ ಹೋದಾಗ ಹಿತ್ತಲಲ್ಲಿ ಇಟ್ಟಿಗೆ, ಸಿಮೆಂಟಿನ ದೊಡ್ಡ ಒಲೆ ಎದ್ದಿತ್ತು. ಮಲ್ಲಿಕಾರ್ಜುನ ಹೆಂಡತಿಗೆಂದೇ ಪ್ರೀತಿಯಿಂದ ಕಟ್ಟಿಸಿದ್ದ. “ಹೆಂಗೈತ್ರಿ? ನಿಮ್ಮ ಹೋಂಸ್ಟೇದಾಗೂ ಇಂಥದ್ದಿಲ್ಲ,” ಎಂದು ಅದರ ಬೆನ್ನು ತಟ್ಟಿದ.

“ಮಸ್ತ್ ಐತ್ರಿ,” ಎಂದಳು ರೇಷ್ಮಾ.

ಆತ ಅತ್ತ ಹೋದ ಮೇಲೆ ವಿಶಾಲಾಕ್ಷಿ ಮೆಲ್ಲಗೆ ಅಂದಳು: “ಆ ಜಾಲರಿ ಆಗಿದ್ರ ಮುಗದ ಮ್ಯಾಲ ಎತ್ತಿ ಗ್ವಾಡಿಗೆ ಆನಿಸಿ ಇಡತಿದ್ದೆ. ಇದನ್ನ ಹೆಂಗ ಎತ್ತಲಿ ಲೇ?”

ಅಂದು ಮೊದಲ ಬಾರಿಗೆ ಆಕೆ ಅತ್ತೆಗೆ ಹೇಳಿ ನಮ್ಮ ಜೊತೆ ಬಸ್ ನಿಲ್ಲುವ ಜಾಗದವರೆಗೂ ಬಂದಳು. ಬಸ್ಸು ಬಂತು. ನಾವು ಹತ್ತಿ ಹಿಂತಿರುಗಿ ನೋಡಿದರೆ ಆಕೆಯ ಕೈ ಬಾಗಿಲ ಕಂಬಿ ಹಿಡಿದಿತ್ತು, ಒಂದು ಕಾಲು ಮೆಟ್ಟಿಲ ಮೇಲಿತ್ತು.

“ಜಲ್ದಿ ಹತ್ರಿ ಅಕ್ಕಾರ. ಎಲ್ಲಿಗೆ?” ಎಂದ ಕಂಡಕ್ಟರ್.

ರೇಷ್ಮಾ ಕೈ ಚಾಚಿದಳು. ನಾನು ಸರಿದು ಜಾಗ ಬಿಟ್ಟೆ.

“ಎಲ್ಲಿಗೂ ಇಲ್ರಿ. ಇವರನ್ನ ಕಳಸಾಕ ಬಂದೀನಿ,” ಎಂದು ಆಕೆ ಕಾಲು ಕೆಳಗಿಟ್ಟಳು.

ಬಸ್ಸು ತಿರುವು ದಾಟುವವರೆಗೂ ಊರ ಕಡೆ ಮುಖ ತಿರುಗಿಸದೆ ಅಲ್ಲೇ ನಿಂತಿದ್ದಳು.

ಮುಂದಿನ ರಜೆಗೆ ಬರುತ್ತೇವೆಂದು ಫೋನ್ ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಆಕೆಯನ್ನು ಕೂಗುತ್ತಿದ್ದ ಸದ್ದು. ಆಕೆ ದನಿ ತಗ್ಗಿಸಿ, “ಬರಬ್ಯಾಡ್ರಿ ಲೇ. ನೀವು ಬಂದ್ರ ಆ ಒಲಿ ಹಚ್ಚಬೇಕಾಗ್ತೈತಿ, ಮನಿ ಮಂದಿಗೆಲ್ಲ ಮಾಡಬೇಕಾಗ್ತೈತಿ,” ಎಂದಳು.

ಆಮೇಲೆ ನಾವು ಮೆಟ್ರಿಗೆ ಹೋಗಿಲ್ಲ.