ಉಷ್ಣ ಅಂದುಕೊಂಡ ಬೆಳಿಗ್ಗೆ

ನನ್ನ ಯಜಮಾನರಿಗೆ ಹಳೆಯ ಸಕ್ಕರೆ ಕಾಯಿಲೆ. ಆದರೆ ಮೈಗೆ ಏನೇ ಆಗಲಿ, ಅವರು ಕೊಡುವ ಹೆಸರು ಒಂದೇ: ಉಷ್ಣ. ಆ ಬೆಳಿಗ್ಗೆ ಸಾಸಲಿನ ನಮ್ಮ ತೋಟಕ್ಕೆ ನೀರು ಬಿಟ್ಟು ಬಂದವರು ಜಗುಲಿಯ ಮೇಲೆ ಕುಸಿದು ಕೂತರು. ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು.

"ಎದೆ ನೋವೇನ್ರೀ?"

"ಇಲ್ಲ ಕಣೇ. ಕೈಕಾಲಲ್ಲಿ ಶಕ್ತೀನೇ ಇಲ್ಲ. ಉಷ್ಣ ಆಗೈತೆ. ನೆತ್ತಿಗೆ ಹರಳೆಣ್ಣೆ ಹಾಕು, ಬಿಸಿನೀರು ಹುಯ್ಕೊಂಡ್ರೆ ಸರಿಹೋಗುತ್ತೆ."

ನಮ್ಮ ಕಡೆ ಎಲ್ಲರ ಮನೆಯ ಮದ್ದು ಇದೇ. ಹಂಡೆಗೆ ಉರಿ ಹಾಕಿ ಬಂದು ನೆತ್ತಿಗೆ ಎಣ್ಣೆ ತಟ್ಟತೊಡಗಿದೆ. ಬಿಸಿಲಲ್ಲಿ ನಿಂತು ಬಂದವರ ಮೈ ಕಾದಿರಬೇಕಿತ್ತು. ಹಣೆ, ಕತ್ತು ಎಲ್ಲಾ ತಣ್ಣಗೆ ಕೊರೆಯುತ್ತಿತ್ತು. ಉಸಿರು ಮೇಲುಮೇಲೆ ಬರುತ್ತಿತ್ತು. ಇದು ಉಷ್ಣ ಅಲ್ಲ ಅನಿಸಿತು.

ಪಕ್ಕದ ಮನೆಯಲ್ಲಿದ್ದ ಮೈದುನನನ್ನು ಕೂಗಿ ಕಾರು ತೆಗೆಸಿದೆ. ಈ ಪುಣ್ಯಾತ್ಮ ಹತ್ತಲೊಲ್ಲರು. ಎಣ್ಣೆ ಸುರಿಯುವ ತಲೆಯಲ್ಲಿ ಹೊಸಿಲು ದಾಟಿದರೆ ನಾಲ್ಕು ಜನ ಏನಂದಾರು ಎಂಬ ಚಿಂತೆ!

"ಎರಡು ಚೊಂಬು ಹುಯ್ಕೊಂಡ್ ಬಂದ್ಬಿಡ್ತೀನಿ, ಇರೇ," ಎಂದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೊರಟೇಬಿಟ್ಟರು. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಮಾನ ಹೋದ್ರೆ ಹೋಗ್ಲಿ, ನಡೀರಿ ಸುಮ್ನೆ! ಇಲ್ಲಾಂದ್ರೆ ಹೊತ್ಕೊಂಡ್ ಹೋಗ್ತೀವಿ!"

ಅವರ ಮೇಲೆ ನಾನು ಎಂದೂ ಜೋರು ಮಾಡಿದವಳಲ್ಲ ಎಂದರೆ ಊರೇ ನಗುತ್ತದೆ. ಆದರೆ ಅಂದು ದನಿ ನಡುಗುತ್ತಿತ್ತು. ಅದಕ್ಕೇ ಇರಬೇಕು, ಬಂದು ಕಾರು ಹತ್ತಿದರು.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರಮ್ಮ, "ಹಾರ್ಟ್ ಅಟ್ಯಾಕ್ ಆಗ್ತಾ ಇದೆ," ಎಂದರು.

"ನೋವೇ ಇಲ್ವಲ್ಲಮ್ಮಾ!" ಎಂದರು ಇವರು.

"ಶುಗರ್ ಇರೋ ಕೆಲವರಿಗೆ ನೋವು ಗೊತ್ತೇ ಆಗಲ್ಲ ಯಜಮಾನ್ರೇ. ಈ ಎಣ್ಣೆ ತಲೇಲಿ ನೀವು ಸ್ನಾನಕ್ಕೆ ಹೋಗಿದ್ರೆ ಅಲ್ಲೇ ಬಿದ್ದಿರ್ತಿದ್ರಿ."

ಅಲ್ಲೇ ಮಾತ್ರೆ ಅಗಿಸಿ, ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಬೇಗ ಬಿಡಿಸದಿದ್ದರೆ ಆ ಭಾಗ ಸತ್ತುಹೋಗುತ್ತದಂತೆ. ಯಲಹಂಕದ ಟ್ರಾಫಿಕ್ಕಿನಲ್ಲಿ ಸೈರನ್ ಬಡಿದುಕೊಳ್ಳುತ್ತಿದ್ದರೂ ಮುಂದಿನ ಗಾಡಿಗಳು ಜರುಗಲೇ ಇಲ್ಲ. ಒಬ್ಬೊಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ಇವರು ಮಾತ್ರ "ನಂಗೇನೂ ಆಗಿಲ್ಲ ಕಣೇ," ಎನ್ನುತ್ತಲೇ ಇದ್ದರು. ಆಮೇಲಾಮೇಲೆ ಅದನ್ನೂ ಹೇಳಲಿಲ್ಲ.

ಮಣಿಕಟ್ಟಿನಿಂದ ಸಣ್ಣ ಕೊಳವೆ ತೂರಿಸಿ, ಕಟ್ಟಿದ್ದ ಜಾಗ ಬಿಡಿಸಿ ಸ್ಟೆಂಟ್ ಹಾಕಿದರು. ಸಂಜೆ ನನ್ನನ್ನು ಒಳಗೆ ಬಿಟ್ಟಾಗ ನರ್ಸ್ ಇವರ ಕೈಗೆ ಬಿಗಿದಿದ್ದ ಪಟ್ಟಿ ಬಿಚ್ಚುತ್ತಿದ್ದಳು.

"ಅಯ್ಯಯ್ಯೋ, ನೋವು ಕಣಮ್ಮಾ!" ಎಂದು ಇವರು ಕಿರುಚಿದರು.

ನಾನು ಮಂಚದ ಕಂಬಿ ಹಿಡಿದುಕೊಂಡು ಅತ್ತುಬಿಟ್ಟೆ.

"ಇನ್ನೊಂದ್ಸಲ ಅನ್ನಿ," ಎಂದೆ.