ಆರು ಗುಂಡಿಯ ಕೀಪ್ಯಾಡ್

ದೇವನಹಳ್ಳಿ ಕಡೆಯ ವಿಲ್ಲಾಗಳಲ್ಲಿ ಗೋಡೆಗೆ ಕೀಪ್ಯಾಡ್ ಕೂರಿಸುವುದು ನನ್ನ ಕೆಲಸ. ಟಿವಿ, ಸೆಟ್‌ಟಾಪ್ ಬಾಕ್ಸ್, ಸ್ಪೀಕರ್, ಒಂದೊಂದರ ರಿಮೋಟನ್ನೂ ಕೀಪ್ಯಾಡಿನ ಎದುರು ಹಿಡಿದು ಒತ್ತಿದರೆ ಅದು ಆ ಸಂಕೇತವನ್ನು ಕಲಿತುಕೊಳ್ಳುತ್ತದೆ. ಆಮೇಲೆ ಒಂದೇ ಗುಂಡಿಗೆ ಎಲ್ಲವೂ ಆನ್ ಆಗುತ್ತವೆ. ಸೋಫಾದಿಂದ ಏಳಲೊಲ್ಲದ ಜನರಿಗೆ ಇದನ್ನು ವರ್ಷಗಟ್ಟಲೆ ಮಾಡಿಕೊಟ್ಟಿದ್ದೇನೆ, ಒಳಗೊಳಗೇ ಬೈದುಕೊಂಡು. ದೊಡ್ಡಬಳ್ಳಾಪುರದ ನಮ್ಮ ಪುಟ್ಟ ಮನೆಗೂ ಅದು ಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಆಯುಧ ಪೂಜೆಯ ಮರುದಿನ ಬೆಳಿಗ್ಗೆ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ನಿಧಾನವಾಗಿ. ಆಸ್ಪತ್ರೆಯಿಂದ ಕರೆತಂದು ಹಾಲ್‌ನಲ್ಲೇ ಮಂಚ ಹಾಕಿದೆವು. ತೂಬಗೆರೆಯಿಂದ ಅತ್ತೆ ಬಂದು ನಿಂತರು. ನನಗೆ ಆಗ ಏನೂ ಅನ್ನಿಸುತ್ತಿರಲಿಲ್ಲ. ಮಾತ್ರೆ ಕೊಡುತ್ತಿದ್ದೆ, ಬೆಡ್‌ಪ್ಯಾನ್ ತೊಳೆಯುತ್ತಿದ್ದೆ, ಯಾರಾದರೂ ಕೇಳಿದರೆ ಪರವಾಗಿಲ್ಲ ಎನ್ನುತ್ತಿದ್ದೆ. ಅವಳೂ ಅಳಲಿಲ್ಲ. ಒಂದು ದಿನವೂ ಇಲ್ಲ.

ಟಿವಿ ಹಾಕಲಾ ಎಂದರೆ ಬೇಡ ಎನ್ನುತ್ತಿದ್ದಳು. ಯಾಕೆಂದು ಕೇಳಿದೆ.

“ನೀರಿಗೂ ನಿಮ್ಮನ್ನೇ ಕರೀಬೇಕು, ಫ್ಯಾನಿಗೂ ನಿಮ್ಮನ್ನೇ ಕರೀಬೇಕು. ಇನ್ನ ಅದಕ್ಕೊಂದು ಕರೀಲಾ? ಯಾರನ್ನೂ ಕೇಳ್ದೆ ನಾನೊಬ್ಳೇ ಮಾಡೋ ಅಂಥದ್ದು ಒಂದಾದ್ರೂ ಇದ್ರೆ ಹೇಳಿ” ಎಂದಳು.

ಎರಡು ರಿಮೋಟು, ಎರಡರದೂ ಸಣ್ಣ ಗುಂಡಿಗಳು. ಅವಳ ಎಡಗೈಗೆ ಅವು ಬಗ್ಗುತ್ತಿರಲಿಲ್ಲ. ಬಣ್ಣ ಹೊಂದಲಿಲ್ಲವೆಂದು ಒಂದು ವಿಲ್ಲಾದವರು ಬಿಚ್ಚಿಸಿ ನನಗೇ ಕೊಟ್ಟಿದ್ದ ಕೀಪ್ಯಾಡ್ ಮನೆಯಲ್ಲಿತ್ತು. ಆರೇ ಗುಂಡಿ, ಒಂದೊಂದೂ ಬಿಸ್ಕತ್ತಿನಷ್ಟು ಅಗಲ. ಅದನ್ನು ಮಂಚದ ಎಡಗಡೆ ಹಲಗೆಗೆ ಕೂರಿಸಿದೆ. ರಿಮೋಟುಗಳ ಪ್ಲಾಸ್ಟಿಕ್ ಕವರ್ ತೆಗೆದು, ಎರಡು ಬೆರಳಿನ ಅಂತರದಲ್ಲಿ ಹಿಡಿದು, ಒಂದೊಂದೇ ಕಲಿಸಿದೆ. ಪ್ರತಿ ಸಲವೂ ಹಸಿರು ದೀಪ ಮಿನುಗಿತು. ಮಿನುಗಿದರೆ ಕಲಿತಾಯಿತು ಎಂದರ್ಥ.

ಅವಳು ಒತ್ತಿದಳು. ಬಾಕ್ಸ್ ಆನ್ ಆಯಿತು, ಟಿವಿ ಆಗಲಿಲ್ಲ. ಅಳಿಸಿ ಮತ್ತೆ ಕಲಿಸಿದೆ. ಮೂರು ಸಲ.

“ಆಗಲ್ಲ ಅಂದ್ರೆ ಬಿಟ್ಬಿಡಿ.”

ನನಗೆ ರೇಗಿತು. “ನನ್ ಕೆಲ್ಸ ನಂಗೊತ್ತು, ಸುಮ್ನಿರೇ” ಎಂದೆ.

ರಿಮೋಟಿನ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾಗೆ ಕಾಣುತ್ತದೆ. ಹಿಡಿದು ನೋಡಿದೆ. ಕೀಪ್ಯಾಡ್ ಸರಿಯಾಗಿಯೇ ಮಿಣುಕುತ್ತಿತ್ತು. ಟಿವಿಯ ಸ್ವಂತ ರಿಮೋಟನ್ನೇ ಒತ್ತಿದೆ. ಜಪ್ಪಯ್ಯ ಎಂದರೂ ಅದು ಏಳಲಿಲ್ಲ. ಬಗ್ಗಿ ನೋಡಿದರೆ, ಟಿವಿಯ ಕೆಳಗಿನ ಅಂಚಿನಲ್ಲಿ ಸಂಕೇತ ಹಿಡಿಯುವ ಕಣ್ಣಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ. ನಟ್ಟನಡುವೆ, ಅಚ್ಚುಕಟ್ಟಾಗಿ. ಪೂಜೆಯ ದಿನ ನನ್ನ ಡ್ರಿಲ್ಲು, ಸ್ಪ್ಯಾನರು, ಮಿಕ್ಸಿ, ಫ್ರಿಜ್ಜು ಎಲ್ಲಕ್ಕೂ ಅವಳೇ ಇಟ್ಟಿದ್ದಳು, ಬಲಗೈಯಿಂದ. ಆಮೇಲೆ ಮನೆಯಲ್ಲಿ ಯಾರೂ ಟಿವಿ ಹಾಕಿರಲಿಲ್ಲ.

ಬಟ್ಟೆ ತಂದು ಸುತ್ತಲಿನ ಧೂಳನ್ನಷ್ಟೇ ಒರೆಸಿದೆ.

“ಒರಸ್ಬಿಡಿ. ನಾನೇ ಅಲ್ವಾ ಇಟ್ಟಿದ್ದು” ಎಂದಳು.

ಒರೆಸಿದೆ. ಎದೆಯಲ್ಲಿ ಏನಾದರೂ ಆಗುತ್ತದೆಂದು ಕಾದೆ, ಏನೂ ಆಗಲಿಲ್ಲ. ಬಟ್ಟೆ ಕೆಂಪಾಯಿತು, ಅಷ್ಟೇ.

ಈ ಸಲ ಒತ್ತಿದಾಗ ಟಿವಿ ಬಂತು. ಆರಿಸಿದಳು. ಮತ್ತೆ ಹಾಕಿದಳು. ಚಾನೆಲ್ ಬದಲಿಸಿ ನೋಡಿದಳು. ನೀವಿನ್ನು ಒಳಗೆ ಹೋಗಿ ಎಂದಳು.

ಅಡುಗೆಮನೆಯಲ್ಲಿ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತ ಕೂತೆ. ಸ್ವಲ್ಪ ಹೊತ್ತಿಗೆ ಟಿವಿಯ ಸದ್ದು ಏರತೊಡಗಿತು. ಇನ್ನೂ ಏರಿತು. ಯಾರೋ ವಾರ್ತೆಯವನು ಅರಚಿಕೊಳ್ಳುತ್ತಿದ್ದ. ಕಲಿಸುವಾಗ ರಿಮೋಟಿನ ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದಿದ್ದರೆ ಹೀಗಾಗುತ್ತದೆ, ಒಮ್ಮೆ ಮುಟ್ಟಿದರೂ ಸದ್ದು ಏರುತ್ತಲೇ ಹೋಗುತ್ತದೆ. ನನ್ನದೇ ಎಡವಟ್ಟು ಎಂದುಕೊಂಡು ಎದ್ದು ಬಾಗಿಲ ತನಕ ಹೋದೆ.

ಅವಳ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿ ಒತ್ತಿ ಏರಿಸುತ್ತಿದ್ದಳು. ಮುಖ ಗೋಡೆಯ ಕಡೆಗಿತ್ತು, ಬಾಯಿ ಅಗಲವಾಗಿ ತೆರೆದಿತ್ತು, ಎಡಭುಜ ಅದುರುತ್ತಿತ್ತು. ಅಷ್ಟು ಹತ್ತಿರ ನಿಂತಿದ್ದರೂ ಅವಳು ಅಳುವ ದನಿ ನನಗೆ ಕೇಳಿಸಲಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಸಂಕಟವಾಯಿತು. ಸದ್ದಿಲ್ಲದೆ ವಾಪಸು ಬಂದು ಕೂತೆ.

“ಕಿವಿ ಹೋಗ್ತದೆ, ಏನಪ್ಪಾ ಅದು. ತಡಿ, ನಾನ್ ಹೋಗಿ ಕಮ್ಮಿ ಮಾಡ್ಬರ್ತೀನಿ” ಎಂದು ಅತ್ತೆ ಸೆರಗು ಕೊಡವಿ ಎದ್ದರು.

“ಬೇಡಿ ಅತ್ತೆ, ಕೂತ್ಕೊಳಿ” ಎಂದೆ. “ನಾನೇ ಅದಕ್ಕೆ ತಪ್ಪಾಗಿ ಕಲಿಸ್ಬಿಟ್ಟಿದೀನಿ. ಸ್ವಲ್ಪ ಹೊತ್ತಾದ್ಮೇಲೆ ಸರಿ ಹೋಗ್ತದೆ.”